ಗೋಡೆಗೆ ತೂಗುವ ಕೌದಿ: ಬಟ್ಟೆ, ಬಣ್ಣ, ಕಾಗದ, ದಾರ ಸೇರಿಸಿ ಮನೆಯಲ್ಲೇ ಮಾಡುವ ಬಗೆ

ಕೌದಿ ಅಂದರೆ ಮೂರು ಪದರ. ಮೇಲೊಂದು ಬಟ್ಟೆ, ನಡುವೆ ಮೆತ್ತನೆಯ ಹಾಸು, ಕೆಳಗೊಂದು ಬಟ್ಟೆ. ಮೂರನ್ನೂ ಹಿಡಿದಿಡುವುದು ಹೊಲಿಗೆ. ಇಷ್ಟನ್ನು ಉಳಿಸಿಕೊಂಡು ಬೇರೆಲ್ಲ ನಿಯಮ ಬಿಟ್ಟರೆ ಅದು ಆರ್ಟ್ ಕ್ವಿಲ್ಟ್. ಹೊದೆಯುವುದಕ್ಕಲ್ಲ, ನೋಡುವುದಕ್ಕೆ. ಒಗೆಯುವ ಚಿಂತೆ ಇಲ್ಲದ್ದರಿಂದ ಬಣ್ಣ, ಕಾಗದ, ಬಲೆ, ಗುಂಡಿ, ಮಣಿ ಏನು ಬೇಕಾದರೂ ಸೇರಿಸಬಹುದು.

ಕಷ್ಟ ಶುರುವಾಗುವುದೂ ಅಲ್ಲೇ. ಒಂದೊಂದು ವಸ್ತುವಿಗೂ ಒಂದೊಂದು ಸ್ವಭಾವ. ತೆಳು, ಪಾರದರ್ಶಕ ಬಟ್ಟೆಯಾದ ಪಾಲಿಯೆಸ್ಟರ್ ಆರ್ಗಂಜಾಗೆ ಬಿಸಿ ಆಗದು. ಕಾಗದಕ್ಕೆ ಸೂಜಿ ಜಾಸ್ತಿ ಸಲ ಚುಚ್ಚಿದರೆ ಹರಿಯುತ್ತದೆ. ಮಣಿ ಹೊಲಿದ ಮೇಲೆ ಮಷೀನ್ ಆ ಕಡೆ ಹೋಗಲಾರದು. ಆದ್ದರಿಂದ ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಸರದಿ. ಒದ್ದೆ ಕೆಲಸ ಮೊದಲು. ಆಮೇಲೆ ಇಸ್ತ್ರಿಯ ಕೆಲಸ. ಅದಾದ ಮೇಲೆ ಮಷೀನ್ ಹೊಲಿಗೆ. ಕೈಹೊಲಿಗೆ ಮತ್ತು ಉಬ್ಬಿದ ವಸ್ತುಗಳು ಕೊನೆಗೆ. ನನ್ನ ಮೊದಲ ಕೆಲಸಗಳಲ್ಲಿ ಹಾಳಾದದ್ದೆಲ್ಲ ಈ ಸರದಿ ತಪ್ಪಿದ್ದರಿಂದಲೇ ಹಾಳಾದದ್ದು.

ಸುಮ್ನೆ ತತ್ವ ಹೇಳುವ ಬದಲು ಒಂದು ಕೆಲಸವನ್ನೇ ಮೊದಲಿಂದ ಕೊನೆವರೆಗೆ ಮಾಡೋಣ. ವಿಷಯ ಒಂದು ಹಳೆಯ ಗೋಡೆ. ಬಣ್ಣ ಕಿತ್ತು ಬಂದಿದೆ, ಒಂದು ಬಿರುಕಿದೆ, ಬಿರುಕಿನಲ್ಲಿ ಒಂದು ಪುಟ್ಟ ಗಿಡ. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹಳೆಯ ಗೋಡೆಯೂ ಪದರ ಪದರವಾಗಿಯೇ ಇರುತ್ತದೆ. ಅಂಚು ನೇರ ಬರದಿದ್ದರೂ, ಬಣ್ಣ ಮಚ್ಚೆಯಾದರೂ ಚಿತ್ರಕ್ಕೆ ಒಪ್ಪುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಅಳತೆ 30 ಸೆಂ.ಮೀ ಅಗಲ, 40 ಸೆಂ.ಮೀ ಎತ್ತರ ಸಾಕು. ಮಷೀನಿನ ಕೆಳಗೆ ಸಲೀಸಾಗಿ ತಿರುಗುತ್ತದೆ, ಕೆಲವು ದಿನಗಳಲ್ಲಿ ಮುಗಿಯುತ್ತದೆ.

ಚಿತ್ರ ಮೊದಲು ಕಾಗದದ ಮೇಲೆ

ನಿಜವಾದ ಅಳತೆಯ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ದೊಡ್ಡ ಆಕಾರಗಳನ್ನಷ್ಟೇ ಬರೆಯಿರಿ. ಬಿರುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಬಣ್ಣ ಕಿತ್ತ ಜಾಗ ಎಷ್ಟು, ಗಿಡ ಎಲ್ಲಿ ನಿಲ್ಲುತ್ತದೆ, ಇಷ್ಟೇ. ಎಲೆಯ ನರ, ಇಟ್ಟಿಗೆಯ ಗೆರೆ ಈಗ ಬೇಡ. ಆ ಗೆರೆಗಳನ್ನು ಆಮೇಲೆ ದಾರ ಬರೆಯುತ್ತದೆ.

ಗಿಡವನ್ನು ನಟ್ಟನಡುವೆ ಇಡಬೇಡಿ. ಅಗಲ ಮತ್ತು ಎತ್ತರವನ್ನು ಮೂರು ಮೂರು ಪಾಲು ಮಾಡಿ, ಗೆರೆಗಳು ಕೂಡುವ ಒಂದು ಜಾಗದ ಹತ್ತಿರ ಇಡಿ. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಆಮೇಲೆ ಬಟ್ಟೆ ಆರಿಸಿ. ಬಣ್ಣಕ್ಕಿಂತ ಮುಖ್ಯ ಅದು ಎಷ್ಟು ತಿಳಿ, ಎಷ್ಟು ಗಾಢ ಎನ್ನುವುದು. ಆರಿಸಿದ ಬಟ್ಟೆಗಳನ್ನು ಒಟ್ಟಿಗೆ ಹರಡಿ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಎಲ್ಲವೂ ಒಂದೇ ಬೂದಿ ಬಣ್ಣವಾಗಿ ಕಂಡರೆ ದೂರದಿಂದ ಚಿತ್ರ ಕಾಣುವುದಿಲ್ಲ. ಗಿಡದ ಹಸಿರು ಗೋಡೆಗಿಂತ ಸ್ಪಷ್ಟವಾಗಿ ಗಾಢವಿರಬೇಕು, ಇಲ್ಲವೇ ಸ್ಪಷ್ಟವಾಗಿ ತಿಳಿಯಿರಬೇಕು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಅಮೆರಿಕನ್ ಕೌದಿಗಳನ್ನು ಪೇಂಟಿಂಗ್‌ಗಳ ಹಾಗೆ ಗೋಡೆಗೆ ತೂಗುಹಾಕಿತು. ಹಾಸಿಗೆಯ ಮೇಲೆ ಹತ್ತಿರದಿಂದ ನೋಡುತ್ತಿದ್ದದ್ದನ್ನು ಜನ ಹತ್ತು ಹೆಜ್ಜೆ ದೂರ ನಿಂತು ನೋಡಿದರು. ಆಗ ಎದ್ದು ಕಂಡದ್ದು ಪುಟ್ಟ ಹೊಲಿಗೆಯಲ್ಲ, ತಿಳಿ ಮತ್ತು ಗಾಢ ಬಣ್ಣಗಳ ಜೋಡಣೆ. ನಿಮ್ಮ ಕೆಲಸವನ್ನೂ ಆಗಾಗ ಗೋಡೆಗೆ ಪಿನ್ ಮಾಡಿ ಕೋಣೆಯ ಆ ತುದಿಯಿಂದ ನೋಡಿ. ಮೇಜಿನ ಮೇಲೆ ಇಟ್ಟು ನೋಡಿದರೆ ಇದು ತಿಳಿಯುವುದಿಲ್ಲ.

ಬೇಕಾದ ಸಾಮಾನು

ಬಿಗಿ ನೇಯ್ಗೆಯ ಹತ್ತಿ ಬಟ್ಟೆ, ಒಗೆದು ಗಂಜಿ ತೆಗೆದದ್ದು. ಗಂಜಿ ಇದ್ದರೆ ಬಣ್ಣ ಹಿಡಿಯದು. ತೆಳು ಮಲ್ಮಲ್ ಒಂದು ತುಂಡು. ಜಾಲರಿಯಂಥ ಬ್ಯಾಂಡೇಜ್ ಬಟ್ಟೆ. ಒಂದು ಚೂರು ಪಾಲಿಯೆಸ್ಟರ್ ಆರ್ಗಂಜಾ. ಟಿಶ್ಯೂ ಪೇಪರ್ ಮತ್ತು ಕೆಲವು ತೆಳು ಕಾಗದ. ಬಿಳಿ ಪಿವಿಎ ಗೋಂದು, ಅಕ್ರಿಲಿಕ್ ಬಣ್ಣ, ಫ್ಯಾಬ್ರಿಕ್ ಮೀಡಿಯಂ. ಎರಡೂ ಕಡೆ ಅಂಟುವ, ಹಿಂದೆ ಕಾಗದವಿರುವ ಫ್ಯೂಸಿಬಲ್ ವೆಬ್. ಬೇಕಿಂಗ್ ಪೇಪರ್, ಇಸ್ತ್ರಿಪೆಟ್ಟಿಗೆ. ಕಾಗದಕ್ಕೊಂದು, ಬಟ್ಟೆಗೊಂದು, ಹೀಗೆ ಎರಡು ಕತ್ತರಿ.

ನಡುವಿನ ಪದರಕ್ಕೆ ಹತ್ತಿ ಬ್ಯಾಟಿಂಗ್, ಅಂದರೆ ಹತ್ತಿಯ ಮೆತ್ತನೆಯ ಹಾಸು, ತಗೊಳ್ಳಿ. ಅದು ಚಪ್ಪಟೆಯಾಗಿ ಕೂರುತ್ತದೆ, ಗೋಡೆಯ ಮೇಲೆ ನೇರ ನಿಲ್ಲುತ್ತದೆ, ಇಸ್ತ್ರಿಯ ಬಿಸಿ ತಾಳುತ್ತದೆ. ಉಣ್ಣೆಯದು ಜಾಸ್ತಿ ಉಬ್ಬುತ್ತದೆ, ಹೊಲಿಗೆಯ ಗುಳಿ ಚೆನ್ನಾಗಿ ಕಾಣುತ್ತದೆ, ಅದೂ ಒಳ್ಳೆಯದೇ. ಪಾಲಿಯೆಸ್ಟರ್ ಹಾಸು ಬಿಸಿಗೆ ಕುಗ್ಗಿ ಗಟ್ಟಿಯಾಗಬಹುದು. ಇಸ್ತ್ರಿ ಇಷ್ಟೊಂದು ಇರುವ ಕೆಲಸಕ್ಕೆ ನಾನು ಅದನ್ನು ಬಳಸುವುದಿಲ್ಲ.

ಒದ್ದೆ ಕೆಲಸ: ಬಣ್ಣದ ನೆಲ

40 ಸೆಂ.ಮೀ ಅಗಲ, 50 ಸೆಂ.ಮೀ ಎತ್ತರದ ಹತ್ತಿ ಬಟ್ಟೆ ಕತ್ತರಿಸಿ. ಬೇಕಾದ ಅಳತೆಗಿಂತ ಸುತ್ತಲೂ 5 ಸೆಂ.ಮೀ ಹೆಚ್ಚು. ಹೊಲಿಯುತ್ತ ಹೋದಂತೆ ಕೌದಿ ಕುಗ್ಗುತ್ತದೆ, ಒತ್ತಾಗಿ ಹೊಲಿದಷ್ಟೂ ಹೆಚ್ಚು ಕುಗ್ಗುತ್ತದೆ. ಈ ಹೆಚ್ಚುವರಿ ಇಲ್ಲದಿದ್ದರೆ ಕೊನೆಗೆ ಅಂಚು ಸಾಲದೆ ಬರುತ್ತದೆ.

ಪ್ಲಾಸ್ಟಿಕ್ ಹಾಳೆ ಹಾಸಿ, ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಹರಡಿ. ಅಕ್ರಿಲಿಕ್ ಬಣ್ಣಕ್ಕೆ ಫ್ಯಾಬ್ರಿಕ್ ಮೀಡಿಯಂ ಬೆರೆಸಿ. ಪ್ರಮಾಣ ಬಾಟಲಿಯ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ. ಮೀಡಿಯಂ ಇಲ್ಲದ ಅಕ್ರಿಲಿಕ್ ಒಣಗಿದರೆ ಬಟ್ಟೆ ರಟ್ಟಿನಂತೆ ಆಗುತ್ತದೆ, ಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ. ಬಣ್ಣವನ್ನು ನೀರಾಗಿಸಿ ಮೊದಲು ತಿಳಿ ಮಣ್ಣಿನ ಬಣ್ಣ ಹರಿಯಬಿಡಿ. ಅದು ಅರ್ಧ ಒಣಗಿದಾಗ ಸ್ಪಂಜಿನಿಂದ ಅಲ್ಲಲ್ಲಿ ನೀಲಿಬೂದಿ ಒತ್ತಿ. ಪೂರ್ತಿ ಒಣಗಿದ ಮೇಲೆ ಗೀರಿದಂತೆ ಒಣ ಬ್ರಷ್ಷಿನಿಂದ ಒಂದಿಷ್ಟು ಬಿಳಿ. ಒಂದೇ ಬಣ್ಣ, ಬಟ್ಟೆ ಒದ್ದೆ ಇದ್ದಾಗ ಒಂದು ಥರ, ಅರೆ ಒಣಗಿದಾಗ ಇನ್ನೊಂದು ಥರ, ಒಣಗಿದಾಗ ಮತ್ತೊಂದು ಥರ ಕೂರುತ್ತದೆ. ಗೋಡೆಗೆ ವಯಸ್ಸು ಬರುವುದು ಈ ಮೂರರಿಂದ.

ಕೌದಿಯಲ್ಲಿ ಬಣ್ಣ ಬಳಿಯುವುದು ಸರಿಯೋ ತಪ್ಪೋ ಎಂದು ಕೆಲವರು ಈಗಲೂ ಕೇಳುತ್ತಾರೆ. ಅಮೆರಿಕದ ಕಲಾವಿದೆ ಫೇತ್ ರಿಂಗೋಲ್ಡ್ ತಮ್ಮ ಮೊದಲ ಕೌದಿಯನ್ನು 1980ರಲ್ಲಿ ತಾಯಿಯ ಜೊತೆ ಮಾಡಿದರು. ಆಮೇಲೆ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಚಿತ್ರ ಬರೆದು, ಸುತ್ತ ಬಟ್ಟೆ ಚೂರುಗಳ ಅಂಚು ಕೊಟ್ಟು, ಅದರ ಮೇಲೇ ಕಥೆಯನ್ನೂ ಬರೆದರು. ಅವು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ತೂಗುತ್ತಿವೆ. ಆದ್ದರಿಂದ ಧೈರ್ಯವಾಗಿ ಬಣ್ಣ ಹಚ್ಚಿ.

ಬಟ್ಟೆ ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿಯಲ್ಲಿ, ಹಬೆ ಇಲ್ಲದೆ, ಒಂದೊಂದು ಜಾಗಕ್ಕೂ ಬಾಟಲಿ ಹೇಳಿದಷ್ಟು ಹೊತ್ತು ಒತ್ತಿ. ಬಣ್ಣ ಕೂರುವುದು ಈ ಬಿಸಿಯಿಂದ. ಒಮ್ಮೆ ನಾನು ಅವಸರದಲ್ಲಿ ಇದನ್ನು ಬಿಟ್ಟೆ. ಎಲ್ಲ ಹೊಲಿದು ಮುಗಿಸಿ, ಸುಕ್ಕು ಬಿಡಿಸಲು ನೀರು ಚಿಮುಕಿಸಿದಾಗ ಕೆಂಪು ಬಣ್ಣ ಬಿಳಿಯ ಕಡೆ ಇಳಿಯಿತು. ಎರಡು ವಾರದ ಕೆಲಸ. ಆ ಮೇಲೆ ಈ ಹಂತ ಬಿಟ್ಟಿಲ್ಲ.

ಒದ್ದೆ ಕೆಲಸ: ಕಾಗದದ ಬಟ್ಟೆ

ಕಿತ್ತು ಬಂದ ಬಣ್ಣದ ಪೊರೆಗೆ ಇದು ಬೇಕು. ನನಗೆ ಈ ಕೆಲಸದಲ್ಲಿ ಜಾಸ್ತಿ ಖುಷಿ ಕೊಡುವ ಭಾಗವೂ ಇದೇ. ಬರೀ ಕಾಗದ ಹೊಲಿದರೆ ಹರಿಯುತ್ತದೆ. ಮಲ್ಮಲ್ ಜೊತೆ ಗೋಂದಿನಲ್ಲಿ ಸೇರಿಸಿದರೆ ತೆಳು ಚರ್ಮದಂತೆ ಆಗುತ್ತದೆ, ಹೊಲಿಗೆ ತಾಳುತ್ತದೆ.

ಗೋಂದಿಗೆ ಅಷ್ಟೇ ನೀರು ಬೆರೆಸಿ. ಪ್ಲಾಸ್ಟಿಕ್ ಮೇಲೆ ಮಲ್ಮಲ್ ಹಾಸಿ, ಅಗಲ ಬ್ರಷ್ಷಿನಿಂದ ಈ ನೀರನ್ನು ಧಾರಾಳವಾಗಿ ಹಚ್ಚಿ. ಅದರ ಮೇಲೆ ಹರಿದ ಕಾಗದದ ಚೂರುಗಳನ್ನು ಒಂದಕ್ಕೊಂದು ತಾಗುವಂತೆ ಹರಡಿ. ಹಳೆಯ ಪತ್ರ, ಸಂಗೀತದ ಹಾಳೆ, ಪೊಟ್ಟಣದ ಕಾಗದ, ಯಾವುದಾದರೂ ಸರಿ, ತೆಳುವಾಗಿರಲಿ. ಕತ್ತರಿಯಿಂದ ಕತ್ತರಿಸಬೇಡಿ, ಕೈಯಲ್ಲೇ ಹರಿಯಿರಿ, ಅಂಚು ಮೆತ್ತಗಾಗಿ ಒಂದರೊಳಗೊಂದು ಸೇರುತ್ತದೆ. ದಿನಪತ್ರಿಕೆ ಬೇಡ, ಅದರ ಕಾಗದದಲ್ಲಿ ಆಮ್ಲ ಇರುವುದರಿಂದ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಇನ್ನೊಮ್ಮೆ ಗೋಂದುನೀರು. ಮೇಲೆ ಒಂದು ಪದರ ಟಿಶ್ಯೂ ಪೇಪರ್, ಸುಕ್ಕು ಬಿದ್ದರೆ ಬೀಳಲಿ. ಮತ್ತೆ ಗೋಂದುನೀರು. ಇನ್ನೂ ಒದ್ದೆ ಇರುವಾಗಲೇ ನೀರಾದ ಬಣ್ಣವನ್ನು ಸುಕ್ಕುಗಳ ಮೇಲೆ ಬಿಟ್ಟರೆ ಅದು ಸಂದಿಗಳಲ್ಲಿ ನಿಂತು ಬೇರಿನಂತೆ ಹರಡುತ್ತದೆ.

ರಾತ್ರಿಯಿಡೀ ಒಣಗಲು ಬಿಡಿ. ಮುಟ್ಟಿದರೆ ತಂಪು ಅನಿಸಿದರೆ ಇನ್ನೂ ಒಣಗಿಲ್ಲ. ಪ್ಲಾಸ್ಟಿಕ್‌ನಿಂದ ಮೆಲ್ಲಗೆ ಎಬ್ಬಿಸಿ, ಎರಡು ಬೇಕಿಂಗ್ ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡಿ. ಬೇಕಿಂಗ್ ಪೇಪರ್ ಇಲ್ಲದೆ ಮಾಡಿದರೆ ಗೋಂದು ಕರಗಿ ಇಸ್ತ್ರಿಪೆಟ್ಟಿಗೆಗೆ ಹತ್ತುತ್ತದೆ.

ಬ್ಯಾಂಡೇಜ್ ಬಟ್ಟೆಯನ್ನೂ ಇದೇ ಹೊತ್ತಿಗೆ ಬಣ್ಣದ ನೀರಿನಲ್ಲಿ ಅದ್ದಿ, ಬೆರಳಿನಿಂದ ಎಳೆದು ಅಲ್ಲಲ್ಲಿ ಎಳೆ ಸರಿಸಿ ಒಣಗಿಸಿ. ಗೋಡೆಯ ಮೇಲೆ ಪಾಚಿ ಹಿಡಿದ ಜಾಗಕ್ಕೆ ಅದು ಬೇಕಾಗುತ್ತದೆ.

ಇಸ್ತ್ರಿಯ ಕೆಲಸ: ಅಂಟಿಸುವುದು

ಈಗ ಗಿಡ. ಫ್ಯೂಸಿಬಲ್ ವೆಬ್‌ನ ಕಾಗದದ ಬದಿಯಲ್ಲಿ ಎಲೆಗಳನ್ನು ಬರೆಯಿರಿ. ಇಲ್ಲಿ ಎಲ್ಲರೂ ಒಮ್ಮೆಯಾದರೂ ತಪ್ಪುತ್ತಾರೆ. ಬರೆದದ್ದು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಬಲಕ್ಕೆ ಬಾಗಬೇಕಾದ ಕಾಂಡವನ್ನು ಎಡಕ್ಕೆ ಬಾಗಿಸಿ ಬರೆಯಬೇಕು. ಗೆರೆಯಿಂದ ಸ್ವಲ್ಪ ಹೊರಗೆ ಕತ್ತರಿಸಿ, ಒರಟು ಬದಿಯನ್ನು ಹಸಿರು ಬಟ್ಟೆಯ ಹಿಂಬದಿಗೆ ಇಟ್ಟು ಕೆಲವು ಸೆಕೆಂಡು ಒತ್ತಿ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬೇಡಿ, ಎತ್ತಿ ಎತ್ತಿ ಇಡಿ. ಪೂರ್ತಿ ತಣ್ಣಗಾದ ಮೇಲೆ ಗೆರೆಯ ಮೇಲೆ ಕತ್ತರಿಸಿ, ಕಾಗದ ಸುಲಿಯಿರಿ. ಕಾಗದ ಬರದಿದ್ದರೆ ನಡುವೆ ಪಿನ್ನಿನಿಂದ ಒಂದು ಗೀರು ಹಾಕಿ, ಅಲ್ಲಿಂದ ಸುಲಿಯಬಹುದು.

ಎಲೆಗಳಿಗೆ ವಿವರ ಜಾಸ್ತಿ ಬೇಡ. ಹ್ಯಾರಿಯೆಟ್ ಪವರ್ಸ್ ಗುಲಾಮಗಿರಿಯಲ್ಲಿ ಹುಟ್ಟಿದ ಅಮೆರಿಕದ ಹೆಂಗಸು. 19ನೇ ಶತಮಾನದ ಕೊನೆಯಲ್ಲಿ ಅವರು ಹೊಲಿದ ಎರಡು ಕೌದಿಗಳು ಇವತ್ತಿಗೂ ಉಳಿದಿವೆ, ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ, ಇನ್ನೊಂದು ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿ. ಅವುಗಳಲ್ಲಿ ಮನುಷ್ಯರು, ಪ್ರಾಣಿಗಳು, ನಕ್ಷತ್ರಗಳು ಎಲ್ಲವೂ ಬರೀ ನೆರಳಿನಂಥ ಆಕಾರಗಳು. ಕಣ್ಣು ಮೂಗು ಇಲ್ಲದೆಯೂ ಇಡೀ ಕಥೆ ತಿಳಿಯುತ್ತದೆ. ಹೊರಗೆರೆ ಸರಿಯಿದ್ದರೆ ಸಾಕು.

ಈಗ ಬಣ್ಣದ ನೆಲದ ಮೇಲೆ ಎಲ್ಲವನ್ನೂ ಇಟ್ಟು ನೋಡಿ. ಕಾಗದದ ಬಟ್ಟೆಯನ್ನು ದೊಡ್ಡ ಹರಕು ತುಂಡುಗಳಾಗಿ ಮಾಡಿ ಮೇಲಿನ ಭಾಗದಲ್ಲಿಡಿ, ಅದೇ ಇನ್ನೂ ಉದುರದ ಬಣ್ಣ. ಅದರ ಒಂದಂಚನ್ನು ಅಂಟಿಸದೆ ಸಡಿಲ ಬಿಡಿ, ನಿಜವಾಗಿಯೂ ಎದ್ದ ಪೊರೆಯ ಹಾಗೆ ಕಾಣುತ್ತದೆ. ಬಿರುಕಿನ ಉದ್ದಕ್ಕೂ ಕಡುಗಂದು ಬಟ್ಟೆಯ ಸಪೂರ ಪಟ್ಟಿ. ಬ್ಯಾಂಡೇಜ್ ಬಟ್ಟೆ ಕೆಳಗಡೆ. ತಕ್ಷಣ ಅಂಟಿಸಬೇಡಿ. ಫೋಟೊ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಯಾವುದೋ ಒಂದು ತುಂಡು ಬೇಡ ಅನಿಸುತ್ತದೆ. ಅದನ್ನು ತೆಗೆದು, ಬೇಕಿಂಗ್ ಪೇಪರ್ ಮುಚ್ಚಿ ಇಸ್ತ್ರಿ ಒತ್ತಿ.

ಮೂರು ಪದರ ಕೂಡಿಸುವುದು

ಕೆಳಬಟ್ಟೆ ಮತ್ತು ಬ್ಯಾಟಿಂಗ್ ಎರಡೂ ಮೇಲಿನದಕ್ಕಿಂತ ಸುತ್ತ 2–3 ಸೆಂ.ಮೀ ದೊಡ್ಡವಿರಲಿ. ಕೆಳಬಟ್ಟೆಯನ್ನು ಮುಖ ಕೆಳಗೆ ಮಾಡಿ ಮೇಜಿಗೆ ಟೇಪಿನಿಂದ ಅಂಟಿಸಿ. ಬಿಗಿಯಾಗಿರಬೇಕು, ಎಳೆದಿರಬಾರದು. ಮೇಲೆ ಬ್ಯಾಟಿಂಗ್, ಅದರ ಮೇಲೆ ನಿಮ್ಮ ಚಿತ್ರ. ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಸಾಲಿಗೂ ಸಾಲಿಗೂ ಒಂದು ಅಂಗೈ ಅಂತರ. ಪಿನ್ನನ್ನೂ ಬಳಸಬಹುದು. ಆದರೆ ಕಾಗದದ ಬಟ್ಟೆಯ ಮೇಲೆ ಪಿನ್ ಬೇಡ, ತೂತು ಉಳಿಯುತ್ತದೆ.

ಮಷೀನ್ ಹೊಲಿಗೆ: ದಾರದಿಂದ ಬರೆಯುವುದು

ಇಷ್ಟು ಹೊತ್ತು ಮಾಡಿದ್ದು ಕೊಲಾಜ್. ಅದನ್ನು ಕೌದಿ ಮಾಡುವುದು ಇಲ್ಲಿಂದ ಮುಂದಿನ ಹೊಲಿಗೆ.

ಸ್ವತಂತ್ರವಾಗಿ ಹೊಲಿಯಲು ಮಷೀನಿನ ಹಲ್ಲುಗಳನ್ನು, ಅಂದರೆ ಫೀಡ್ ಡಾಗ್ ಅನ್ನು ಕೆಳಗಿಳಿಸಿ. ಇಳಿಯದ ಮಷೀನಾದರೆ ಹಲ್ಲಿನ ಮೇಲೆ ಮುಚ್ಚುವ ತಗಡು ಸಿಗುತ್ತದೆ. ಸ್ವತಂತ್ರ ಹೊಲಿಗೆಗೆಂದೇ ಸಿಗುವ ಡಾರ್ನಿಂಗ್ ಫೂಟ್ ಹಾಕಿ. ಈಗ ಬಟ್ಟೆಯನ್ನು ಮಷೀನ್ ಎಳೆಯುವುದಿಲ್ಲ, ನೀವೇ ಎರಡೂ ಕೈಯಿಂದ ಸರಿಸಬೇಕು. ಸೂಜಿ ಪೆನ್ನಿದ್ದಂತೆ, ಆದರೆ ಇಲ್ಲಿ ಪೆನ್ನು ನಿಂತಿರುತ್ತದೆ, ಕಾಗದ ಓಡಾಡುತ್ತದೆ. ಕೈಗೆ ಅದು ಒಗ್ಗಲು ಸಮಯ ಬೇಕು. ಮೊದಲು ಬೇರೆ ತುಂಡಿನ ಮೇಲೆ, ಅದೇ ಮೂರು ಪದರ ಇಟ್ಟು, ನಿಮ್ಮ ಹೆಸರು ಬರೆದು ಅಭ್ಯಾಸ ಮಾಡಿ. ಹೆಸರು ಬರೆಯುವ ಚಲನೆ ಕೈಗೆ ಮೊದಲೇ ಗೊತ್ತಿರುವುದರಿಂದ ಬೇಗ ಹಿಡಿತ ಸಿಗುತ್ತದೆ.

ಪ್ರತಿ ಸಲ ಶುರು ಮಾಡುವಾಗ ಸೂಜಿಯನ್ನು ಒಮ್ಮೆ ಇಳಿಸಿ ಎತ್ತಿ, ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಳ್ಳಿ. ಇಲ್ಲದಿದ್ದರೆ ಹಿಂಬದಿಯಲ್ಲಿ ಗೋಜಲಾಗುತ್ತದೆ. ಫೂಟ್ ಇಳಿಸುವುದನ್ನು ಮರೆಯಬೇಡಿ. ಮಷೀನನ್ನು ಒಂದೇ ವೇಗದಲ್ಲಿ ಓಡಿಸಿ, ಕೈ ನಿಧಾನ ಇರಲಿ. ಕೈ ಜೋರಾದರೆ ಹೊಲಿಗೆ ಉದ್ದವಾಗುತ್ತದೆ, ಮಷೀನ್ ಜೋರಾಗಿ ಕೈ ನಿಂತರೆ ಒಂದೇ ಕಡೆ ಗಂಟಾಗುತ್ತದೆ. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಅಥವಾ ದಾರ ಪದೇ ಪದೇ ಕಡಿದರೆ, ಮೊದಲು ಸೂಜಿ ಬದಲಿಸಿ, ಆಮೇಲೆ ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಪೋಣಿಸಿ. ಟೆನ್ಷನ್, ಅಂದರೆ ದಾರದ ಬಿಗಿತ, ಮುಟ್ಟುವುದು ಅದಕ್ಕೂ ಆಮೇಲೆ.

ಸೂಜಿ 90/14ರ ಟಾಪ್‌ಸ್ಟಿಚ್ ಸೂಜಿ ಇರಲಿ. 90 ಅಂದರೆ ಸೂಜಿಯ ದಪ್ಪ 0.9 ಮಿ.ಮೀ. ಕಣ್ಣು ದೊಡ್ಡದಿರುವುದರಿಂದ ದಾರ ಉಜ್ಜಿ ಕಡಿಯುವುದು ಕಡಿಮೆ. ಗೋಂದು ಮತ್ತು ಬಣ್ಣ ಸೂಜಿಯನ್ನು ಬೇಗ ಮೊಂಡು ಮಾಡುತ್ತವೆ. ಟಕ್ ಟಕ್ ಎಂದು ಚುಚ್ಚುವ ಸದ್ದು ಬಂದರೆ ಸೂಜಿ ಬದಲಿಸುವ ಹೊತ್ತಾಯಿತು.

ಏನು ಹೊಲಿಯಬೇಕು? ಮೊದಲು ಬಿರುಕು. ಅದರ ಎರಡೂ ಬದಿಗೆ, ಬಟ್ಟೆಗೆ ತೀರ ಹತ್ತಿರ ಒಂದು ಗೆರೆ. ಇದರಿಂದ ಬಿರುಕು ಒಳಗಿಳಿದಂತೆ ಕಾಣುತ್ತದೆ, ಯಾಕೆಂದರೆ ಹೊಲಿದ ಜಾಗ ತಗ್ಗುತ್ತದೆ, ಹೊಲಿಯದ ಜಾಗ ಉಬ್ಬುತ್ತದೆ. ಉಬ್ಬು ತಗ್ಗಿನ ಈ ಆಟ ಪೇಂಟಿಂಗ್‌ಗೆ ಇಲ್ಲ. ಹಾಗಾಗಿ ಗೋಡೆಯಲ್ಲಿ ಹೊಲಿಗೆಯನ್ನು ಒತ್ತಾಗಿ ಹಾಕಿ, ಗಿಡದ ಎಲೆಗಳಲ್ಲಿ ಒಂದು ನರದ ಗೆರೆಯಷ್ಟೇ ಹಾಕಿ. ಎಲೆ ತಾನಾಗಿ ಮುಂದೆ ಬರುತ್ತದೆ. ಗೋಡೆಗೆ ಅಲ್ಲಲ್ಲಿ ಇಟ್ಟಿಗೆಯ ಗೆರೆ, ಮಿಕ್ಕ ಕಡೆ ಅಂಕುಡೊಂಕು. ಎಲೆಗಳನ್ನು ಬಿಟ್ಟು ಗೋಡೆಯ ಎಲ್ಲ ಕಡೆ ಒತ್ತು ಒಂದೇ ಸಮ ಇರಲಿ. ಒಂದು ಕಡೆ ಒತ್ತು, ಇನ್ನೊಂದು ಕಡೆ ಸಡಿಲವಾದರೆ ಅಂಚು ಅಲೆಯಂತೆ ಏಳುತ್ತದೆ.

ಕಾಗದದ ಬಟ್ಟೆಯ ಮೇಲೆ ಹಲ್ಲುಗಳನ್ನು ಮತ್ತೆ ಮೇಲೆತ್ತಿ, 3–4 ಮಿ.ಮೀ ಉದ್ದದ ಸಾದಾ ಹೊಲಿಗೆ ಹಾಕಿ. ಪುಟ್ಟ ಪುಟ್ಟ ಹೊಲಿಗೆ ಬಿದ್ದರೆ ಅಂಚೆಚೀಟಿಯ ಅಂಚಿನಂತೆ ಸಾಲಾಗಿ ತೂತಾಗಿ ಅಲ್ಲೇ ಹರಿಯುತ್ತದೆ. ಇಲ್ಲಿ ಬಿಚ್ಚಿ ಹೊಲಿಯುವ ಅವಕಾಶವೂ ಇಲ್ಲ.

ಆರ್ಗಂಜಾ ಸುಡುವುದು

ಸರದಿಯಲ್ಲಿ ಬಿಸಿ ಕೆಲಸ ಹೊಲಿಗೆಗಿಂತ ಮೊದಲು ಅಂದೆ. ಇದೊಂದು ಮಾತ್ರ ಅದಕ್ಕೆ ಹೊರತು. ಕಿತ್ತ ಬಣ್ಣದ ಅಂಚಿನ ಮೇಲೆ ಆರ್ಗಂಜಾ ಚೂರಿಟ್ಟು, ಹತ್ತಿ ದಾರದಿಂದ ಅಡ್ಡಾದಿಡ್ಡಿ ಹೊಲಿಯಿರಿ. ಆಮೇಲೆ ಬಿಸಿ ಗಾಳಿ ಊದುವ ಹೀಟ್ ಗನ್ನನ್ನು ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. ಆರ್ಗಂಜಾ ಸುಕ್ಕಾಗಿ, ತೂತಾಗಿ, ಹೊಲಿಗೆ ಇದ್ದಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಜೇಡರ ಬಲೆ ಹರಿದಂತೆ ಕಾಣುತ್ತದೆ. ದಾರ ಪಾಲಿಯೆಸ್ಟರ್ ಆಗಿದ್ದರೆ ಅದೂ ಕರಗಿ ಎಲ್ಲವೂ ಬಿಟ್ಟುಹೋಗುತ್ತದೆ.

ಕರಗುವ ಸಿಂಥೆಟಿಕ್ ಬಟ್ಟೆಯ ಹೊಗೆ ಒಳ್ಳೆಯದಲ್ಲ. ಕಿಟಕಿ ಬಾಗಿಲು ತೆರೆದು, ಇಲ್ಲವೇ ಹೊರಗೆ ಕೂತು ಮಾಡಿ. ಹೊಗೆ ತಡೆಯುವ ಮಾಸ್ಕ್ ಹಾಕಿ. ಮಾಮೂಲಿ ಬಟ್ಟೆ ಮಾಸ್ಕ್ ಇದಕ್ಕೆ ಸಾಲದು. ಮಕ್ಕಳು ಹತ್ತಿರ ಇರಬಾರದು. ಇಷ್ಟು ಅನುಕೂಲ ಇಲ್ಲದಿದ್ದರೆ ಈ ಹಂತ ಬಿಟ್ಟುಬಿಡಿ, ಕೆಲಸಕ್ಕೆ ಏನೂ ಕೊರತೆಯಾಗುವುದಿಲ್ಲ.

ಕೈಹೊಲಿಗೆ ಮತ್ತು ಕೊನೆಯ ಅಲಂಕಾರ

ಬ್ಯಾಂಡೇಜ್ ಬಟ್ಟೆಯ ಪಾಚಿಗೆ ಎರಡು ಮೂರು ಹಸಿರು ದಾರಗಳಲ್ಲಿ ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು, ಹಾಕಿ. ಗುಂಪಾಗಿ ಹಾಕಿ, ಸಮ ಅಂತರದಲ್ಲಿ ಬೇಡ. ಪಾಚಿ ಯಾವತ್ತೂ ಲೆಕ್ಕ ಹಾಕಿ ಬೆಳೆಯುವುದಿಲ್ಲ ಅಲ್ವಾ. ಗಿಡದ ಬೇರಿಗೆ ದಪ್ಪ ನೂಲನ್ನು ಬಟ್ಟೆಯ ಮೇಲೆ ಹಾಸಿ, ಸಪೂರ ದಾರದಿಂದ ಅಲ್ಲಲ್ಲಿ ಅಡ್ಡ ಹೊಲಿದು ಹಿಡಿಸಿ. ಉಳಿದ ಕಡೆ ಸಾದಾ ರನ್ನಿಂಗ್ ಸ್ಟಿಚ್ ಸಾಕು. ಕೈಹೊಲಿಗೆಯಲ್ಲಿ ನನಗೆ ಹೆಚ್ಚು ಇಷ್ಟ ಇದೇ. ಅದರ ಸಣ್ಣ ಏರುಪೇರು ಮಷೀನಿನ ಗೆರೆಯ ಪಕ್ಕದಲ್ಲಿ ಉಸಿರಾಡುತ್ತದೆ. ಮಣಿ, ಗುಂಡಿ ಇದ್ದರೆ ಒಂದೆರಡು ಸಾಕು, ಅವನ್ನು ಎಲ್ಲಕ್ಕಿಂತ ಕೊನೆಗೆ, ಅಂಚು ಮುಗಿದ ಮೇಲೆ ಹೊಲಿಯಿರಿ.

ಅಂಚು, ತೂಗುಪಟ್ಟಿ

ಕಚ್ಚಾ ಹೊಲಿಗೆ ಬಿಚ್ಚಿ. ಕೌದಿ ಸೊಟ್ಟಗಾಗಿದ್ದರೆ ಹಿಂಬದಿಗೆ ನೀರು ಚಿಮುಕಿಸಿ, ಕೈಯಿಂದ ನೇರಕ್ಕೆ ಎಳೆದು, ಥರ್ಮಾಕೋಲ್ ಹಲಗೆಗೆ ಪಿನ್ ಮಾಡಿ ಒಣಗಲು ಬಿಡಿ. ಕಾಗದ ಇರುವ ಕಡೆ ಜಾಸ್ತಿ ಒದ್ದೆ ಮಾಡಬೇಡಿ. ಆಮೇಲೆ ಸ್ಕೇಲ್ ಇಟ್ಟು ಮೂಲೆ ನೇರ ನೋಡಿ, ಹೊಲಿಗೆಗೆ ಸುತ್ತ 6 ಮಿ.ಮೀ ಸೇರಿಸಿ ಕತ್ತರಿಸಿ.

ಸುತ್ತ ಕಾಣುವ ಪಟ್ಟಿ ಹೊಲಿದರೆ ಚಿತ್ರಕ್ಕೆ ಬೇಲಿ ಹಾಕಿದಂತಾಗುತ್ತದೆ. ಇಂಥ ಕೆಲಸಕ್ಕೆ ಪೂರ್ತಿ ಹಿಂದಕ್ಕೆ ತಿರುಗುವ ಪಟ್ಟಿ, ಅಂದರೆ ಫೇಸಿಂಗ್ ಚೆನ್ನ. 7 ಸೆಂ.ಮೀ ಅಗಲದ ನಾಲ್ಕು ಪಟ್ಟಿ ಕತ್ತರಿಸಿ, ಒಂದು ಉದ್ದಂಚನ್ನು ಮಡಿಸಿ ಇಸ್ತ್ರಿ ಮಾಡಿ. ಪಟ್ಟಿಯ ಮುಖವನ್ನು ಕೌದಿಯ ಮುಖಕ್ಕೆ ಇಟ್ಟು, ಅಂಚಿಗೆ ಅಂಚು ಕೂಡಿಸಿ, ಮೊದಲು ಎಡ ಬಲ, ಆಮೇಲೆ ಅವುಗಳ ಮೇಲೆ ಬರುವಂತೆ ಮೇಲೆ ಕೆಳಗೆ, 6 ಮಿ.ಮೀ ಒಳಗೆ ಹೊಲಿಯಿರಿ. ಮೂಲೆಯ ದಪ್ಪವನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ. ಪಟ್ಟಿಗಳನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಮುಂದಿನಿಂದ ಒಂದಿಷ್ಟೂ ಕಾಣದಂತೆ ಎಳೆದು, ಹಿಂಬದಿಯಲ್ಲಿ ಕೈಯಿಂದ ಹೆಮ್ಮಿಂಗ್ ಮಾಡಿ. ಸೂಜಿ ಮುಂದಿನ ಬಟ್ಟೆಗೆ ಬರಬಾರದು.

ತೂಗಲು ಹಿಂದೆ ಒಂದು ಕೊಳವೆಪಟ್ಟಿ ಬೇಕು. ಕೌದಿಗಿಂತ ಎರಡೂ ಬದಿ 2 ಸೆಂ.ಮೀ ಕಡಿಮೆ ಇರುವ ಕೊಳವೆ ಮಾಡಿ, ಮೇಲಂಚಿನಿಂದ 2 ಸೆಂ.ಮೀ ಕೆಳಗೆ ಹೊಲಿಯಿರಿ. ಕೆಳಗಿನ ಸಾಲು ಹೊಲಿಯುವಾಗ ಕೊಳವೆಯನ್ನು ಸ್ವಲ್ಪ ಸಡಿಲ ಬಿಡಿ. ಇಲ್ಲದಿದ್ದರೆ ಕೋಲು ತೂರಿಸಿದಾಗ ಮುಂದೆ ಉಬ್ಬು ಕಾಣುತ್ತದೆ. ದೊಡ್ಡ ಕೌದಿಯನ್ನು ಪ್ರದರ್ಶನಕ್ಕೆ ಕಳಿಸುವುದಾದರೆ 10 ಸೆಂ.ಮೀ ಅಗಲದ ಕೊಳವೆ ಕೇಳುವುದು ವಾಡಿಕೆ. 1979ರಲ್ಲಿ ಅಮೆರಿಕದ ಒಹಾಯೊದ ಅಥೆನ್ಸ್‌ನಲ್ಲಿ, ಹಸುಗಳಿದ್ದ ಹಳೆಯ ಕೊಟ್ಟಿಗೆಯೊಂದರಲ್ಲಿ ಕ್ವಿಲ್ಟ್ ನ್ಯಾಷನಲ್ ಎಂಬ ಆರ್ಟ್ ಕ್ವಿಲ್ಟ್ ಪ್ರದರ್ಶನ ಶುರುವಾದಾಗ, ಇಂಥ ಕೌದಿಗಳಿಗೆ ಸಾಂಪ್ರದಾಯಿಕ ಸ್ಪರ್ಧೆಗಳಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಈಗ ಅದೇ ಪ್ರದರ್ಶನಕ್ಕೆ ಬೇರೆ ಬೇರೆ ದೇಶಗಳಿಂದ ಕೆಲಸಗಳು ಬರುತ್ತವೆ.

ಹಿಂಬದಿಯ ಮೂಲೆಯಲ್ಲಿ ಒಂದು ಹತ್ತಿ ಚೂರು ಹೊಲಿದು ನಿಮ್ಮ ಹೆಸರು, ವರ್ಷ, ಬಳಸಿದ ವಸ್ತುಗಳನ್ನು ಅಳಿಯದ ಪೆನ್ನಿನಲ್ಲಿ ಬರೆಯಿರಿ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ತೆಗೆದಿಡುವುದಾದರೆ ಮಡಚಬೇಡಿ, ಮಡಿಕೆಯಲ್ಲಿ ಕಾಗದ ಬಿರಿಯುತ್ತದೆ. ದಪ್ಪ ಕೊಳವೆಗೆ ಆಮ್ಲವಿಲ್ಲದ ಟಿಶ್ಯೂ ಪೇಪರ್ ಸುತ್ತಿ, ಚಿತ್ರ ಹೊರಗೆ ಬರುವಂತೆ ಸುರುಳಿ ಮಾಡಿ, ಹಳೆಯ ಹತ್ತಿ ಬಟ್ಟೆ ಹೊದಿಸಿಡಿ. ಧೂಳು ಕೂತರೆ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ಒಂದು ಬಲೆ ಬಟ್ಟೆ ಕಟ್ಟಿ, ಕಡಿಮೆ ವೇಗದಲ್ಲಿ, ಕೌದಿಗೆ ತಾಗಿಸದೆ ಆಡಿಸಿದರೆ ಹೋಗುತ್ತದೆ.